ಯಂತ್ರ ಓದುವ ಕನ್ನಡ: ಹಕ್ಕು ಯಾರದು, ಕಾಗದ ಎಲ್ಲಿದೆ?

2025ರ ಕೊನೆಯಲ್ಲಿ ವಿಜಯನಗರದ ನನ್ನ ಮನೆಗೆ ಒಂದು ಪುಟದ ಕಾಗದ ಬಂತು. ಕಳುಹಿಸಿದವರು ನನ್ನ ಪುಸ್ತಕವೊಂದರ ಪ್ರಕಾಶಕರು. 2003ರಲ್ಲಿ ಅವರು ಪ್ರಕಟಿಸಿದ ನನ್ನ ಪುಟ್ಟ ಪುಸ್ತಕವನ್ನು ‘ವಿದ್ಯುನ್ಮಾನ ರೂಪದಲ್ಲಿ ಹಾಗೂ ಕೃತಕ ಬುದ್ಧಿಮತ್ತೆಯ ತರಬೇತಿಗೆ’ ಬಳಸಲು ಬೇರೆ ಸಂಸ್ಥೆಗಳಿಗೆ ಪರವಾನಗಿ ಕೊಡುವ ಅಧಿಕಾರವನ್ನು ನಾನು ಅವರಿಗೆ ಬರೆದುಕೊಡಬೇಕೆಂಬುದು ಅದರ ಸಾರಾಂಶ. ಪುಸ್ತಕದ ವಿಷಯ ಉಷ್ಣ ಮತ್ತು ತಾಪ. ಪದವಿಪೂರ್ವ ವಿದ್ಯಾರ್ಥಿಗಳಿಗಾಗಿ ಬರೆದದ್ದು, 96 ಪುಟ.

ಸಹಿ ಹಾಕುವ ಮುನ್ನ ಮೂಲ ಒಪ್ಪಂದವನ್ನು ನೋಡೋಣವೆಂದು ಕಪಾಟು ತೆಗೆದೆ. ಒಪ್ಪಂದ ಇರಲೇ ಇಲ್ಲ. ರಾಜಾಜಿನಗರ ಇಂಡಸ್ಟ್ರಿಯಲ್ ಟೌನಿನ ಮುದ್ರಣಾಲಯದ ಪಕ್ಕದ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ‘ಸಾವಿರ ಪ್ರತಿ, ನೂರಕ್ಕೆ ಹತ್ತು ಗೌರವಧನ’ ಎಂದು ಆಡಿದ ಮಾತೇ ನಮ್ಮ ಒಪ್ಪಂದ. ಪ್ರಕಾಶಕರು ಮಾತಿಗೆ ತಪ್ಪಲಿಲ್ಲ. ಆದರೆ ಅಂದು ನಾನು ಅವರಿಗೆ ಕೊಟ್ಟದ್ದು ಏನು, ನನ್ನಲ್ಲಿ ಉಳಿದದ್ದು ಏನು ಎಂದು ಯಾರಾದರೂ ಕೇಳಿದರೆ ನಮ್ಮಿಬ್ಬರಲ್ಲಿ ಒಬ್ಬರಿಗೂ ಉತ್ತರ ಗೊತ್ತಿಲ್ಲ. ಸಹೋದ್ಯೋಗಿಗಳಾದ ಕೆಲವು ಲೇಖಕರನ್ನು ವಿಚಾರಿಸಿದೆ. ಅವರ ಕಥೆಯೂ ಇದೇ.

ಕೃತಕ ಬುದ್ಧಿಮತ್ತೆ ಪುಸ್ತಕಗಳನ್ನು ‘ಕದಿಯುತ್ತಿದೆ’ ಎಂಬ ಕೂಗು ಈಗ ಎಲ್ಲೆಡೆ ಕೇಳುತ್ತಿದೆ. ಅದರಲ್ಲಿ ನಿಜಾಂಶ ಉಂಟು. ಆದರೆ ಕನ್ನಡದ ಮಟ್ಟಿಗೆ ಅದಕ್ಕೂ ಹಳೆಯ ತೊಡಕೊಂದಿದೆ. ಯಾವ ಪುಸ್ತಕ ಯಾರದು ಎಂಬುದನ್ನು ನಾವು ಬರೆದಿಟ್ಟುಕೊಂಡೇ ಇಲ್ಲ. ಆ ತೊಡಕಿನ ಚರಿತ್ರೆಯನ್ನು ಸ್ವಲ್ಪ ನೋಡೋಣ.

ಬೆಳ್ಳಾವೆಯವರಿಂದ ಇತ್ತ

ಕನ್ನಡದಲ್ಲಿ ವಿಜ್ಞಾನಕ್ಕೆಂದೇ ಮೀಸಲಾದ ಮೊದಲ ಮಾಸಪತ್ರಿಕೆ ‘ವಿಜ್ಞಾನ’. 1918ರ ಸುಮಾರಿಗೆ ಬೆಂಗಳೂರಿನಲ್ಲಿ ಅದನ್ನು ಹೊರತಂದವರು ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್. ಬೆಳ್ಳಾವೆಯವರು ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಅಧ್ಯಾಪಕರಾಗಿದ್ದವರು. ನಮ್ಮ ಕಸುಬಿನವರು ಎಂದು ಹೇಳಿಕೊಳ್ಳಲು ನನಗೆ ಹೆಮ್ಮೆ. ಪತ್ರಿಕೆ ಹೆಚ್ಚು ಕಾಲ ನಡೆಯಲಿಲ್ಲ. ಆದರೆ ಕನ್ನಡದಲ್ಲಿ ವಿಜ್ಞಾನ ಬರೆಯಬಹುದೆಂಬುದನ್ನು ಅದು ತೋರಿಸಿಕೊಟ್ಟಿತು.

ಆ ಹೊತ್ತಿಗೆ ಭಾರತಕ್ಕೆ ಹಕ್ಕುಸ್ವಾಮ್ಯದ ಕಾನೂನು ಹೊಸದೇನಾಗಿರಲಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆಯಲ್ಲೇ 1847ರಲ್ಲಿ ಒಂದು ಕಾಯಿದೆ ಬಂದಿತ್ತು. ಬ್ರಿಟನ್ನಿನ 1911ರ ಕಾಯಿದೆಯನ್ನು ಅನುಸರಿಸಿ 1914ರಲ್ಲಿ ಮತ್ತೊಂದು ಬಂತು. ಸ್ವತಂತ್ರ ಭಾರತದ ಕಾಯಿದೆ ರೂಪುಗೊಂಡದ್ದು 1957ರಲ್ಲಿ, ಜಾರಿಗೆ ಬಂದದ್ದು 1958ರ ಜನವರಿಯಲ್ಲಿ. ಲೇಖಕನ ಜೀವಿತಕಾಲ ಹಾಗೂ ಮರಣದ ನಂತರ 50 ವರ್ಷ ಎಂಬ ಅವಧಿಯನ್ನು ಅದು ಗೊತ್ತುಪಡಿಸಿತು. 1941ರಲ್ಲಿ ನಿಧನರಾದ ರವೀಂದ್ರನಾಥ ಠಾಕೂರರ ಕೃತಿಗಳ ಹಕ್ಕು 1991ರ ಕೊನೆಗೆ ಮುಗಿಯುವ ಹೊತ್ತಿಗೆ ಈ 50ನ್ನು 60ಕ್ಕೆ ಏರಿಸಲಾಯಿತು.

ತರಗತಿಯಲ್ಲಿ ಲೆಕ್ಕವಾಗಿ ಕೊಡಬಹುದಾದ ವಿಷಯ ಇದು. ಬೆಳ್ಳಾವೆಯವರು ತೀರಿಕೊಂಡದ್ದು 1943ರಲ್ಲಿ. ಮುಂದಿನ ವರ್ಷದ ಜನವರಿಯಿಂದ 60 ವರ್ಷ ಎಣಿಸಿದರೆ 2004ರ ಜನವರಿ 1ರಿಂದ ಅವರ ಬರಹ ಎಲ್ಲರದು. ಬಿ.ಎಂ.ಶ್ರೀ. ಮತ್ತು ಕೈಲಾಸಂ ಇಬ್ಬರೂ 1946ರಲ್ಲಿ ಹೋದರು. ಅವರ ಕೃತಿಗಳು 2007ರಿಂದ ಮುಕ್ತ. ಕುವೆಂಪು 1994ರಲ್ಲಿ ನಿಧನರಾದ್ದರಿಂದ ಅವರವು 2055ಕ್ಕೆ, 1997ರಲ್ಲಿ ನಿಧನರಾದ ಶಿವರಾಮ ಕಾರಂತರವು 2058ಕ್ಕೆ. ಅಂದರೆ ಕನ್ನಡ ವಿಜ್ಞಾನ ಸಾಹಿತ್ಯದ ಬಹುಪಾಲು ಇನ್ನೂ ಯಾರೋ ಒಬ್ಬರ ಸೊತ್ತು. ಆ ‘ಯಾರೋ’ ಯಾರು ಎಂಬುದೇ ಪ್ರಶ್ನೆ.

ಕಾನೂನು ಈ ಬಗ್ಗೆ ಸ್ಪಷ್ಟವಾಗಿದೆ. ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲಿರಬೇಕು, ಸಹಿ ಇರಬೇಕು. ಅವಧಿಯನ್ನು ಹೇಳದಿದ್ದರೆ ಅದು 5 ವರ್ಷ ಎಂದೇ ಅರ್ಥ. 2012ರ ತಿದ್ದುಪಡಿ ಇನ್ನೂ ಮಹತ್ವದ ಒಂದು ಮಾತು ಸೇರಿಸಿತು. ವರ್ಗಾವಣೆ ಮಾಡುವಾಗ ಇಲ್ಲದಿದ್ದ ಅಥವಾ ವಾಣಿಜ್ಯ ಬಳಕೆಯಲ್ಲಿ ಇಲ್ಲದಿದ್ದ ಮಾಧ್ಯಮಕ್ಕೆ, ಅದನ್ನು ಹೆಸರಿಸಿ ಬರೆದಿದ್ದರೆ ಹೊರತು, ಆ ವರ್ಗಾವಣೆ ಅನ್ವಯಿಸದು. 2003ರಲ್ಲಿ ಯಂತ್ರಕ್ಕೆ ಪುಸ್ತಕ ಓದಿಸಿ ಹಣ ಮಾಡುವ ವ್ಯಾಪಾರ ಇರಲಿಲ್ಲ. ಆದ್ದರಿಂದ ನನ್ನ ಪುಸ್ತಕದ ಆ ಹಕ್ಕು ನನ್ನಲ್ಲೇ ಉಳಿದಿದೆ ಎಂದು ಧೈರ್ಯವಾಗಿ ವಾದಿಸಬಹುದು. ಪ್ರಕಾಶಕರು ಕಾಗದ ಕಳುಹಿಸಿದ್ದೂ ಬಹುಶಃ ಅದಕ್ಕೇ.

ಹೆಪ್ಪು ಮತ್ತು ಮೊಸರು

ಯಂತ್ರ ಪುಸ್ತಕವನ್ನು ‘ಓದುವುದು’ ಎಂದರೇನು? ಗಣಕಕ್ಕೆ ಅಕ್ಷರ ಗೊತ್ತಿಲ್ಲ, ಅಂಕಿ ಮಾತ್ರ ಗೊತ್ತು. ಪಠ್ಯವನ್ನು ಮೊದಲು ಟೋಕನ್ ಎಂಬ ತುಣುಕುಗಳಾಗಿ ಒಡೆಯುತ್ತಾರೆ. ಒಂದಷ್ಟು ತುಣುಕುಗಳನ್ನು ಕೊಟ್ಟು ಮುಂದಿನದನ್ನು ಊಹಿಸಲು ಹೇಳುತ್ತಾರೆ. ಊಹೆ ತಪ್ಪಿದಷ್ಟೂ ಯಂತ್ರದೊಳಗಿನ ಕೋಟ್ಯಂತರ ಅಂಕಿಗಳನ್ನು ತುಸುತುಸುವೇ ತಿದ್ದುತ್ತಾರೆ. ಲಕ್ಷ ಕೋಟಿಗಳ ಲೆಕ್ಕದಲ್ಲಿ ಇದು ನಡೆಯುತ್ತದೆ. ಮೆಟಾ ಸಂಸ್ಥೆ 2024ರಲ್ಲಿ ಹೊರತಂದ ಲಾಮಾ-3 ಮಾದರಿಗೆ 15 ಲಕ್ಷ ಕೋಟಿಗೂ ಹೆಚ್ಚು ಟೋಕನ್ನುಗಳನ್ನು ಉಣಿಸಲಾಗಿತ್ತು.

ತರಬೇತಿ ಮುಗಿದ ಮೇಲೆ ಪುಸ್ತಕ ಒಳಗೆ ಇದೆಯೇ? ವಿದ್ಯಾರ್ಥಿಗಳು ಕೇಳಿದಾಗ ನಾನು ಹೆಪ್ಪಿನ ಉದಾಹರಣೆ ಕೊಡುತ್ತೇನೆ. ಹಾಲಿಗೆ ಒಂದು ಚಮಚ ಮಜ್ಜಿಗೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಮೊಸರು. ಆ ಚಮಚ ಮಜ್ಜಿಗೆ ಈಗ ಎಲ್ಲಿದೆ ತೋರಿಸು ಎಂದರೆ ಯಾರಿಂದಲೂ ಆಗದು. ಆದರೆ ಅದಿಲ್ಲದೆ ಮೊಸರು ಆಗುತ್ತಲೂ ಇರಲಿಲ್ಲ. ಯಂತ್ರದ ಕಂಪನಿಗಳು ಮೊದಲ ಮಾತನ್ನು ಹಿಡಿದು ವಾದಿಸುತ್ತವೆ, ಲೇಖಕರು ಎರಡನೆಯದನ್ನು. ಹೋಲಿಕೆ ಪೂರ್ತಿ ಸರಿಯಲ್ಲ ಎಂಬುದನ್ನೂ ಹೇಳಬೇಕು. ಒಂದೇ ಪಠ್ಯ ಮತ್ತೆ ಮತ್ತೆ ಕಣ್ಣಿಗೆ ಬಿದ್ದಿದ್ದರೆ ಯಂತ್ರ ಅದನ್ನು ಸಾಲು ಸಾಲಾಗಿ ಒಪ್ಪಿಸುವುದುಂಟು. ಆಗ ಅದು ಮೊಸರಲ್ಲ, ನಕಲು.

ಕನ್ನಡಕ್ಕೆ ಇಲ್ಲಿ ಬೇರೆ ಕಷ್ಟಗಳೂ ಇವೆ. ಯೂನಿಕೋಡಿನ ಸಾಮಾನ್ಯ ಸಂಕೇತ ಕ್ರಮದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಚಿಹ್ನೆಗೆ ಮೂರು ಬೇಕು. ‘ವಿಜ್ಞಾನ’ ಎಂಬ ಪದದಲ್ಲಿ ವ, ಗುಡಿಸು, ಜ, ಹಲಂತ, ಞ, ದೀರ್ಘ, ನ ಎಂದು ಏಳು ಚಿಹ್ನೆಗಳು. ಒಟ್ಟು 21 ಬೈಟ್. ಅದರ ಇಂಗ್ಲಿಷ್ ಸಮಾನಪದಕ್ಕೂ ಏಳೇ ಅಕ್ಷರ, ಆದರೆ ಏಳೇ ಬೈಟ್. ಇಂಗ್ಲಿಷನ್ನು ಗಮನದಲ್ಲಿಟ್ಟು ರೂಪಿಸಿದ ಯಂತ್ರಗಳು ಕನ್ನಡ ಪದವನ್ನು ಚಿಂದಿ ಚಿಂದಿಯಾಗಿ ಒಡೆಯುತ್ತವೆ, ಖರ್ಚು ಹೆಚ್ಚುತ್ತದೆ. ಅದಕ್ಕಿಂತ ದೊಡ್ಡ ಕೊರತೆ ಒಳ್ಳೆಯ ಪಠ್ಯದ್ದು. ಅಂತರಜಾಲದಲ್ಲಿ ಕನ್ನಡದ ಪಾಲು ನೂರಕ್ಕೆ ಒಂದಕ್ಕಿಂತ ಬಹಳ ಕಡಿಮೆ. ಇರುವುದರಲ್ಲೂ ದಿನಪತ್ರಿಕೆಯ ಸುದ್ದಿ ಹೆಚ್ಚು, ಯಂತ್ರಾನುವಾದವೂ ಸಾಕಷ್ಟು.

ಇದರ ಪರಿಣಾಮವನ್ನು ಪ್ರಯೋಗಶಾಲೆಯಲ್ಲೇ ಕಂಡಿದ್ದೇನೆ. ಬಿ.ಎಸ್ಸಿ. ಹುಡುಗನೊಬ್ಬ ಯಂತ್ರವನ್ನು ಕೇಳಿ ಬರೆದ ಕನ್ನಡ ಟಿಪ್ಪಣಿಯಲ್ಲಿ ಉಷ್ಣ ಮತ್ತು ತಾಪ ಒಂದೇ ಆಗಿಬಿಟ್ಟಿದ್ದವು. ಬಲ, ಶಕ್ತಿ, ಸಾಮರ್ಥ್ಯ ಎಂಬ ಮೂರು ಬೇರೆ ಪರಿಕಲ್ಪನೆಗಳು ‘ಶಕ್ತಿ’ ಎಂಬ ಒಂದೇ ಪದದಲ್ಲಿ ಕಲಸಿಹೋಗಿದ್ದವು. ತಪ್ಪು ಹುಡುಗನದಲ್ಲ. ಯಂತ್ರ ಓದಿದ್ದು ಹವಾಮಾನ ವರದಿ, ಓದದೆ ಉಳಿದದ್ದು ಪಠ್ಯಪುಸ್ತಕ. ಕನ್ನಡದಲ್ಲಿ ನಿಖರವಾಗಿ ಬರೆದ ವಿಜ್ಞಾನ ಪುಸ್ತಕಗಳು ಯಂತ್ರಕ್ಕೆ ಸಿಕ್ಕದಿದ್ದರೆ ಈ ಕಲಸುಮೇಲೋಗರವೇ ಮುಂದಿನ ಪೀಳಿಗೆಯ ಪರಿಭಾಷೆಯಾದೀತು. ಹಾಗೆಂದು ಬರೆದವರನ್ನು ಕೇಳದೆ ತೆಗೆದುಕೊಂಡು ಹೋಗು ಎನ್ನಲೂ ಮನಸ್ಸು ಬಾರದು.

ಗಣಕಕ್ಕೆ ಕನ್ನಡ ಉಣಿಸಿದ ಮೊದಲಿಗರು

ಗಣಕಕ್ಕಾಗಿ ಕನ್ನಡ ಪಠ್ಯ ಸಂಗ್ರಹಿಸುವ ಕೆಲಸ ಇಂದು ನಿನ್ನೆಯದಲ್ಲ. 1990ರ ದಶಕದ ಆರಂಭದಲ್ಲಿ ಕೇಂದ್ರದ ವಿದ್ಯುನ್ಮಾನ ಇಲಾಖೆಯ ಯೋಜನೆಯಡಿ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ ದಕ್ಷಿಣದ ನಾಲ್ಕು ಭಾಷೆಗಳ ಪಠ್ಯಕೋಶ ಕಟ್ಟಲು ಹೊರಟಿತು. ಒಂದೊಂದು ಭಾಷೆಗೆ ಸುಮಾರು 30 ಲಕ್ಷ ಪದಗಳ ಗುರಿ. ಮುದ್ರಿತ ಪುಸ್ತಕಗಳಿಂದ ಆಯ್ದ ಭಾಗಗಳನ್ನು ಕೀಲಿಮಣೆಯಲ್ಲಿ ಕುಟ್ಟಿ ಕುಟ್ಟಿ ಸೇರಿಸಬೇಕಿತ್ತು. ಮುಂದೆ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದೊಡನೆ ಸೇರಿ ಹೊರತಂದ ಸಂಗ್ರಹದಲ್ಲಿ ಕನ್ನಡದ್ದು 22.4 ಲಕ್ಷ ಪದಗಳಿದ್ದವು. ವಾಣಿಜ್ಯೇತರ ಸಂಶೋಧನೆಗೆ ಮಾತ್ರ ಎಂಬ ಷರತ್ತು ಅದಕ್ಕಿತ್ತು. ಷರತ್ತು ಬರೆಯುವ ಅಭ್ಯಾಸ ಅಲ್ಲಿ ಇತ್ತು ಎಂಬುದನ್ನು ಗಮನಿಸಿ.

ಪುಸ್ತಕೋದ್ಯಮ ಮಾತ್ರ ಬೇರೆ ಹಾದಿಯಲ್ಲಿತ್ತು. ಮೊಳೆ ಜೋಡಿಸುವ ಕಾಲ ಮುಗಿದು ಡಿ.ಟಿ.ಪಿ. ಬಂದಾಗ ಲೇಖಕನ ಹಸ್ತಪ್ರತಿ ಕಡತವಾಗಿ ಮಾರ್ಪಟ್ಟಿತು. ಆ ಕಡತ ಉಳಿದದ್ದು ಡಿ.ಟಿ.ಪಿ. ಮಾಡುವವರ ಗಣಕದಲ್ಲಿ. ಹಕ್ಕು ಲೇಖಕನದು, ಪುಸ್ತಕ ಪ್ರಕಾಶಕನದು, ಕಡತ ಮೂರನೆಯವನದು! ಅದೂ ಒಂದೊಂದು ತಂತ್ರಾಂಶಕ್ಕೆ ಒಂದೊಂದು ಸಂಕೇತ ಕ್ರಮ. ನನ್ನ ಪುಸ್ತಕದ ಸಿ.ಡಿ. ಹೇಗೋ ಸಿಕ್ಕಿ, ಅದನ್ನು ಯೂನಿಕೋಡಿಗೆ ಪರಿವರ್ತಿಸಿದಾಗ ಅರ್ಕಾವತ್ತುಗಳೆಲ್ಲ ಒಂದಕ್ಷರ ಆಚೆಗೆ ಜಿಗಿದಿದ್ದವು. ಹಳೆಯ ಫಾಂಟುಗಳಲ್ಲಿ ಅರ್ಕಾವತ್ತನ್ನು ಕಾಣುವ ಕ್ರಮದಲ್ಲಿ ವ್ಯಂಜನದ ಅನಂತರ ದಾಖಲಿಸುತ್ತಿದ್ದರು. ಯೂನಿಕೋಡಿನಲ್ಲಿ ಉಚ್ಚರಿಸುವ ಕ್ರಮದಂತೆ ಅದು ಮೊದಲು ಬರಬೇಕು. ತಿದ್ದಲು ನನಗೂ ಒಬ್ಬ ವಿದ್ಯಾರ್ಥಿಗೂ ಹದಿನೈದು ದಿನ ಹಿಡಿಯಿತು.

ಷರತ್ತು ಬರೆದು ಉದಾರವಾಗಿ ಕೊಟ್ಟವರೂ ಇದ್ದಾರೆ. ಮೈಸೂರು ವಿಶ್ವವಿದ್ಯಾಲಯದ ಕನ್ನಡ ವಿಶ್ವಕೋಶ 14 ಸಂಪುಟಗಳ ಸಾಹಸ, ಮೂರು ದಶಕಗಳನ್ನೂ ಮೀರಿ ನಡೆದ ಕೆಲಸ. 2014ರಲ್ಲಿ ವಿಶ್ವವಿದ್ಯಾಲಯ ಅದರ ಆರು ಸಂಪುಟಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿತು. ಅದೇ ವರ್ಷ ನಿರಂಜನರ 55 ಕೃತಿಗಳೂ ಇಂಥದೇ ಪರವಾನಗಿಯಡಿ ಬಂದವು. ಇಲ್ಲದಿದ್ದರೆ ಅವು 2053ರವರೆಗೆ ಕಾಯಬೇಕಿತ್ತು. ಯಾರು ಬೇಕಾದರೂ ಬಳಸಬಹುದು, ಆದರೆ ಮೂಲದ ಹೆಸರು ಹೇಳಬೇಕು, ಬದಲಿಸಿ ಪ್ರಕಟಿಸಿದರೆ ಅದನ್ನೂ ಇದೇ ಷರತ್ತಿನಲ್ಲಿ ಕೊಡಬೇಕು ಎಂಬುದು ಈ ಪರವಾನಗಿಯ ತಿರುಳು. ಯಂತ್ರವೊಂದು ನಿರಂಜನರನ್ನು ಓದಿ ಕಲಿತು, ಕೇಳಿದವರಿಗೆ ಹೆಸರು ಹೇಳದೆ ಉತ್ತರ ಕೊಟ್ಟರೆ ಷರತ್ತು ಮುರಿದಂತೆಯೇ? 2014ರಲ್ಲಿ ಯಾರೂ ಈ ಪ್ರಶ್ನೆಯನ್ನು ಊಹಿಸಿರಲಿಲ್ಲ. ಆದರೂ ಕೊಟ್ಟವರಾರು, ಏನು ಕೊಟ್ಟರು ಎಂಬುದಕ್ಕೆ ಅಲ್ಲಿ ದಾಖಲೆ ಇದೆ. ವಾದ ಮಾಡಲು ನೆಲೆ ಇದೆ.

ಕಾರಂತರ ಉಯಿಲು

ದಾಖಲೆ ಇದ್ದರೂ ಮಾಧ್ಯಮ ಬದಲಾದಾಗ ಏನಾಗುತ್ತದೆಂಬುದಕ್ಕೆ ನಮ್ಮಲ್ಲೇ ಸುಪ್ರೀಂ ಕೋರ್ಟಿನವರೆಗೆ ಹೋದ ಪ್ರಕರಣವೊಂದಿದೆ. ಶಿವರಾಮ ಕಾರಂತರು ಯಕ್ಷಗಾನದ ರಾಗ, ತಾಳ, ವೇಷಭೂಷಣ, ರಂಗಸಜ್ಜಿಕೆಗಳಲ್ಲಿ ಬದಲಾವಣೆ ತಂದು ‘ಯಕ್ಷರಂಗ’ ಎಂಬ ಹೊಸ ನೃತ್ಯರೂಪ ಕಟ್ಟಿದರು. 1994ರ ಜೂನ್ 18ರಂದು ಬರೆದ ಉಯಿಲಿನಲ್ಲಿ ತಮ್ಮ ಸಾಹಿತ್ಯ ಕೃತಿಗಳ ಹಕ್ಕನ್ನು ಮಾಲಿನಿ ಮಲ್ಯರಿಗೆ ಕೊಟ್ಟರು. 2001ರಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ದೆಹಲಿಯಲ್ಲಿ ‘ಅಭಿಮನ್ಯು ವಧೆ’ಯನ್ನು ಪ್ರದರ್ಶಿಸಿದಾಗ ಅವರು ದಾವೆ ಹೂಡಿದರು.

ಪ್ರಶ್ನೆ ಸರಳವೆಂದು ತೋರುತ್ತದೆ. ‘ಸಾಹಿತ್ಯ ಕೃತಿ’ ಎಂಬುದರಲ್ಲಿ ನೃತ್ಯ ಸೇರುತ್ತದೆಯೇ? ಕೆಳಗಿನ ನ್ಯಾಯಾಲಯ, ಹೈಕೋರ್ಟ್ ದಾಟಿ 2009ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಉತ್ತರ ಕೊಟ್ಟಿತು. ಕಾಯಿದೆಯ ಪ್ರಕಾರ ನೃತ್ಯ ‘ನಾಟಕ ಕೃತಿ’ಯ ವರ್ಗಕ್ಕೆ ಸೇರಿದ್ದು, ಸಾಹಿತ್ಯ ಕೃತಿಯಲ್ಲ. ಆದರೆ ಉಯಿಲಿನಲ್ಲಿ ಉಳಿದ ಆಸ್ತಿಯೆಲ್ಲ ಅವರಿಗೇ ಎಂಬ ಮಾತಿದ್ದುದರಿಂದ ಹಕ್ಕು ಅವರಿಗೇ ಸಲ್ಲುತ್ತದೆ. ಜೊತೆಗೆ, ಶಿಕ್ಷಣ ಸಂಸ್ಥೆಗಳಿಗೆ ಕಾಯಿದೆಯಲ್ಲೇ ಇರುವ ವಿನಾಯಿತಿಗಳಿಗೆ ಈ ತಡೆಯಾಜ್ಞೆ ಅಡ್ಡಬಾರದು ಎಂದೂ ಸ್ಪಷ್ಟಪಡಿಸಿತು.

ಈ ತೀರ್ಪನ್ನು ಓದುವಾಗಲೆಲ್ಲ ನನಗೆ ಎರಡು ವಿಷಯ ಹೊಳೆಯುತ್ತವೆ. ಯಕ್ಷಗಾನ ಎಲ್ಲರದು, ಕಾರಂತರು ಕೂಡಿಸಿದ್ದು ಮಾತ್ರ ಕಾರಂತರದು. ಉಷ್ಣಚಲನ ವಿಜ್ಞಾನದ ನಿಯಮಗಳೂ ಹಾಗೆಯೇ, ಅವು ಯಾರ ಸೊತ್ತೂ ಅಲ್ಲ. ನಾನು ಅವನ್ನು ವಿವರಿಸಿದ ರೀತಿ, ಆರಿಸಿದ ಉದಾಹರಣೆ, ಬರೆದ ವಾಕ್ಯ ನನ್ನವು. ಯಂತ್ರ ನನ್ನ ಪುಸ್ತಕದಿಂದ ನಿಯಮವನ್ನಷ್ಟೇ ಕಲಿತರೆ ನನಗೆ ತಕರಾರಿಲ್ಲ. ಎರಡನೆಯದು, ಕಾರಂತರಂಥ ಎಚ್ಚರದ ಮನುಷ್ಯ ಬರೆದ ಉಯಿಲಿಗೂ ಮೂರು ನ್ಯಾಯಾಲಯಗಳ ವ್ಯಾಖ್ಯಾನ ಬೇಕಾಯಿತು. ಏನೂ ಬರೆದಿಡದ ನಮ್ಮಂಥವರ ಪಾಡೇನು?

ಹಣ ಹರಿಯುವ ದಿಕ್ಕು

ಈಗ ಪರವಾನಗಿಗೆ ಹಣ ಬರುವ ಕಾಲ. ಅಮೆರಿಕದ ಹಾರ್ಪರ್‌ಕಾಲಿನ್ಸ್ 2024ರಲ್ಲಿ ಒಪ್ಪಂದವೊಂದನ್ನು ಮಾಡಿಕೊಂಡಿತು. ಮೂರು ವರ್ಷಕ್ಕೆ ಒಂದು ಕೃತಿಗೆ 5,000 ಡಾಲರ್, ಲೇಖಕ ಮತ್ತು ಪ್ರಕಾಶಕರಿಗೆ ಸಮಪಾಲು, ಲೇಖಕ ಒಪ್ಪಿದರೆ ಮಾತ್ರ. ಅದೇ ವರ್ಷ ಟೇಲರ್ ಅಂಡ್ ಫ್ರಾನ್ಸಿಸ್ ಎಂಬ ವಿದ್ವತ್ ಪ್ರಕಾಶನ ಸಂಸ್ಥೆಯ ಪಠ್ಯ ಮೈಕ್ರೋಸಾಫ್ಟಿಗೆ ಹೋದದ್ದು ತಮಗೆ ತಿಳಿಯಲೇ ಇಲ್ಲವೆಂದು ಹಲವು ಲೇಖಕರು ದೂರಿದರು. ವ್ಯತ್ಯಾಸವಿದ್ದದ್ದು ಯಂತ್ರದಲ್ಲಲ್ಲ, ಲೇಖಕರಿಗೂ ಪ್ರಕಾಶಕರಿಗೂ ನಡುವಣ ವ್ಯವಹಾರದಲ್ಲಿ.

2025ರ ಜೂನಿನಲ್ಲಿ ಆಂತ್ರೊಪಿಕ್ ಕಂಪನಿಯ ಪ್ರಕರಣದಲ್ಲಿ ಅಮೆರಿಕದ ನ್ಯಾಯಾಧೀಶರೊಬ್ಬರು ಎರಡು ಮಾತು ಹೇಳಿದರು. ಪುಸ್ತಕ ಕೊಂಡು, ಸ್ಕ್ಯಾನ್ ಮಾಡಿ ಯಂತ್ರಕ್ಕೆ ಕಲಿಸುವುದು ನ್ಯಾಯಸಮ್ಮತ ಬಳಕೆ. ಕಳ್ಳ ಪ್ರತಿಗಳ ಭಂಡಾರದಿಂದ ಇಳಿಸಿಕೊಂಡು ಇಟ್ಟುಕೊಳ್ಳುವುದು ಅಲ್ಲ. ಸೆಪ್ಟೆಂಬರಿನಲ್ಲಿ ಕಂಪನಿ 150 ಕೋಟಿ ಡಾಲರಿನ ರಾಜಿಗೆ ಬಂತು. ಪುಸ್ತಕವೊಂದಕ್ಕೆ ಸುಮಾರು 3,000 ಡಾಲರ್. ಆದರೆ ಯಾವ ಪುಸ್ತಕಕ್ಕೆ? ಗ್ರಂಥಸಂಖ್ಯೆ ಇದ್ದು, ಅಮೆರಿಕದ ಹಕ್ಕುಸ್ವಾಮ್ಯ ಕಚೇರಿಯಲ್ಲಿ ಸಕಾಲಕ್ಕೆ ನೋಂದಣಿಯಾದವಕ್ಕೆ ಮಾತ್ರ. ಭಾರತದಲ್ಲಿ ನೋಂದಣಿ ಕಡ್ಡಾಯವಲ್ಲ, ಬರೆದ ಕ್ಷಣವೇ ಹಕ್ಕು ಹುಟ್ಟುತ್ತದೆ. ಒಳ್ಳೆಯ ತತ್ವವೇ. ಆದರೆ ಅದೇ ನಮ್ಮನ್ನು ಉದಾಸೀನರನ್ನಾಗಿ ಮಾಡಿತೇನೋ.

ನಮ್ಮಲ್ಲೂ ವಿಷಯ ನ್ಯಾಯಾಲಯ ಮುಟ್ಟಿದೆ. 2024ರ ನವೆಂಬರಿನಲ್ಲಿ ಎ.ಎನ್.ಐ. ಸುದ್ದಿಸಂಸ್ಥೆ ಓಪನ್‌ಎಐ ವಿರುದ್ಧ ದೆಹಲಿ ಹೈಕೋರ್ಟಿಗೆ ಹೋಯಿತು, ಭಾರತೀಯ ಪ್ರಕಾಶಕರ ಒಕ್ಕೂಟವೂ ದನಿಗೂಡಿಸಿತು. ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆಯ ಸಮಿತಿ 2025ರ ಡಿಸೆಂಬರಿನಲ್ಲಿ ಒಂದು ಸಲಹೆ ಮುಂದಿಟ್ಟಿತು. ಅದರಂತೆ, ನ್ಯಾಯಯುತವಾಗಿ ದೊರೆತ ಎಲ್ಲ ಕೃತಿಗಳಿಂದ ಯಂತ್ರಕ್ಕೆ ಕಲಿಸಬಹುದು, ಹಕ್ಕುದಾರರು ಬೇಡವೆನ್ನುವಂತಿಲ್ಲ, ಬದಲಿಗೆ ಕಂಪನಿಗಳು ಕೊಡುವ ರಾಯಧನವನ್ನು ಕೇಂದ್ರೀಯ ಸಂಸ್ಥೆಯೊಂದು ಸಂಗ್ರಹಿಸಿ ಹಂಚಬೇಕು. ಬೇಡವೆನ್ನುವ ಹಕ್ಕು ಕಳೆದುಕೊಳ್ಳುವುದು ನನಗೆ ಇಷ್ಟವಿಲ್ಲ. ಆದರೂ ಸಣ್ಣ ಭಾಷೆಯ ಲೇಖಕನೊಡನೆ ಯಾವ ಕಂಪನಿಯೂ ಪ್ರತ್ಯೇಕವಾಗಿ ಮಾತಿಗೆ ಕೂರುವುದಿಲ್ಲ ಎಂಬುದೂ ನಿಜ. ಯಾವ ಪದ್ಧತಿಯೇ ಬರಲಿ, ಹಂಚುವವರಿಗೆ ಒಂದು ಪಟ್ಟಿ ಬೇಕು: ಕೃತಿ, ಲೇಖಕ, ಈಗಿನ ಹಕ್ಕುದಾರ. ಇಂಗ್ಲಿಷ್ ಪ್ರಕಾಶಕರ ಬಳಿ ಆ ಪಟ್ಟಿ ಸಿದ್ಧವಾಗಿದೆ.

ನಾನು ಆ ಕಾಗದಕ್ಕೆ ಹಾಗೆಯೇ ಸಹಿ ಹಾಕಲಿಲ್ಲ. ಕೆಳಗೆ ಕೈಬರಹದಲ್ಲಿ ನಾಲ್ಕು ಮಾತು ಸೇರಿಸಿದೆ. ಅವಧಿ ಮೂರು ವರ್ಷ. ಬಂದ ಹಣದಲ್ಲಿ ಅರ್ಧ ನನಗೆ. ಯಾರಿಗೆ ಕೊಟ್ಟಿರೆಂದು ನನಗೆ ತಿಳಿಸತಕ್ಕದ್ದು. ಸರ್ಕಾರಿ ಶಾಲೆಗಳಿಗೂ ವಿಶ್ವವಿದ್ಯಾಲಯಗಳ ಸಂಶೋಧನೆಗೂ ಉಚಿತ. ಪ್ರಕಾಶಕರ ಮಗ ಓದಿ, ‘ಸಾರ್, ಇದನ್ನೇ ಟೈಪ್ ಮಾಡಿಸಿ ಉಳಿದ ಲೇಖಕರಿಗೂ ಕಳಿಸಬಹುದಾ?’ ಎಂದರು. ಆಗಲಿ ಎಂದೆ. ಲೇಖಕರ ಪಟ್ಟಿ ತೆಗೆದರು. ಅದರಲ್ಲಿ ಅರ್ಧದಷ್ಟು ಜನ ಈಗ ಇಲ್ಲ. ವಿಳಾಸಗಳೆಲ್ಲ ಹಳೆಯವು.

ಪಟ್ಟಿಯ ಮೊದಲ ಪುಟದಲ್ಲೇ ನನಗೆ ಬಿ.ಎಸ್ಸಿ.ಯಲ್ಲಿ ದ್ಯುತಿವಿಜ್ಞಾನ ಕಲಿಸಿದ ಗುರುಗಳ ಹೆಸರಿತ್ತು. ಅವರ ಐದು ಪುಸ್ತಕಗಳ ಹಕ್ಕು ಯಾರದೆಂದು ಪ್ರಕಾಶಕರಿಗೆ ಗೊತ್ತಿಲ್ಲ. ಅವರ ಮಗಳು ಬಸವೇಶ್ವರನಗರದಲ್ಲಿದ್ದಾರೆಂದು ಕೇಳಿದ್ದೇನೆ. ಬರುವ ಭಾನುವಾರ ಕಾಗದ ಹಿಡಿದು ಹೋಗಬೇಕಾಗಿದೆ.